ಮೂಲೆ ಕತ್ತರಿಸದ ಫಾರಂ

ತಾರೀಕು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ವೀಸಾ ಕಚೇರಿಯ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಇಕ್ಕಟ್ಟು ಜಾಗದಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಸದಾ ಬಿಸಿಯಾಗಿರುವ ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡು, ನೆಂಟರನ್ನು ನೋಡಲು ಪರದೇಶಕ್ಕೆ ಹೋಗುವವರ ಅರ್ಜಿ ತುಂಬಿಸಿಕೊಡುವುದು ಅವರ ಕಸುಬು. ಯಾರು ಯಾವ ಫಾರಂ ತಂದರೂ ಅವರು ಮೊದಲು ನೋಡುವುದು ಹೆಸರನ್ನಲ್ಲ, ಫೋಟೋವನ್ನಲ್ಲ. ಹಾಳೆಯ ಕೆಳಗೆ ಎಡತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದಂತೆ ಅಚ್ಚಾಗಿರುವ ತಾರೀಕನ್ನು. ಆ ಫಾರಂ ಯಾವಾಗಿನದು, ಈಗಲೂ ನಡೆಯುತ್ತದೋ ಇಲ್ಲವೋ ಅನ್ನುವುದು ಅದರಿಂದ ತಿಳಿಯುತ್ತದೆ. "ಮೇಲಿನ ಮುದ್ರೆ ನೋಡಿ ಮರುಳಾಗಬೇಡಿ, ಕೆಳಗಿನ ತಾರೀಕು ನೋಡಿ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ಬೀದಿಯವರ ಬಾಯಲ್ಲಿ ಈ ಹೆಸರು ಗಟ್ಟಿಯಾಯಿತು. ಈಗ ಅವರನ್ನು ಹುಟ್ಟುಹೆಸರಿಂದ ಕರೆದರೆ ತಿರುಗಿ ನೋಡುವುದೇ ಅನುಮಾನ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವರ ಮೊದಲ ಕೆಲಸವೊಂದಿದೆ. ಆಯಾ ದೇಶದ ಸರ್ಕಾರದ ಅಧಿಕೃತ ವೆಬ್‌ಸೈಟಿಗೆ ಹೋಗಿ, ವಿಳಾಸವನ್ನು ಒಂದೊಂದೇ ಅಕ್ಷರ ಓದಿ ಖಾತ್ರಿ ಮಾಡಿಕೊಂಡು, ನಿನ್ನೆಯ ಫಾರಂ ಇವತ್ತೂ ಹಾಗೇ ಇದೆಯಾ ಎಂದು ನೋಡುವುದು. ಬದಲಾಗಿದ್ದರೆ ಅಂಗಡಿಯಲ್ಲಿರುವ ಹಳೆಯ ಕಟ್ಟನ್ನು ಹೊರಗೆ ತೆಗೆದು ಪ್ರತಿ ಹಾಳೆಯ ಮೇಲಿನ ಒಂದು ಮೂಲೆಯನ್ನು ಕತ್ತರಿಯಿಂದ ಕತ್ತರಿಸಿಬಿಡುತ್ತಾರೆ. ಮೂಲೆ ಹೋದ ಫಾರಂ ಸತ್ತ ಹಾಗೆ. ತಪ್ಪಿಯೂ ಅದನ್ನು ಯಾರೂ ತುಂಬಬಾರದು. ಕತ್ತರಿಸಿದ ಕಟ್ಟು ಸಂಜೆ ಅವರ ಚೀಲದಲ್ಲಿ ಮನೆಗೆ ಹೋಗುತ್ತದೆ.

ಮನೆಯಲ್ಲಿ ಅವರ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಗಿರಾಕಿಯ ಅಳತೆಯನ್ನು ಮೊದಲು ಕಾಗದದ ಮೇಲೆ ಕತ್ತರಿಸಿಕೊಂಡು, ಆಮೇಲೆ ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವುದು ಅವಳ ಪದ್ಧತಿ. ಗಂಡ ತಂದ ಸತ್ತ ಫಾರಂಗಳನ್ನು ಅಂಟಿಸಿ ದೊಡ್ಡ ಹಾಳೆ ಮಾಡಿಕೊಳ್ಳುತ್ತಾಳೆ. ಹೀಗಾಗಿ ಅವರ ನಡುಮನೆಯ ಗೋಡೆಯ ಮೊಳೆಗಳಲ್ಲಿ ತೂಗಾಡುವ ಕಾಗದದ ತೋಳು, ಕಾಲರು, ಜೇಬುಗಳ ಮೇಲೆಲ್ಲ "ನಿಮ್ಮ ಭೇಟಿಯ ಉದ್ದೇಶವೇನು?" ಎಂಬ ಪ್ರಶ್ನೆಯೇ. ಇಬ್ಬರೇ ಇರುವ ಮನೆ. ಮಕ್ಕಳಿಲ್ಲ. ಜಗಳವೂ ಇಲ್ಲವೆಂದೇ ಹೇಳಬೇಕು.

ಇಂಥ ನೇರ ಮನುಷ್ಯನ ಹೊಟ್ಟೆಯಲ್ಲಿ ಒಂದು ಕಿಚ್ಚಿತ್ತು. ಪಕ್ಕದ ಫೋಟೋದವನು ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದಾಗ ಮೇಷ್ಟ್ರಿಗೆ ಏನೂ ಅನ್ನಿಸಲಿಲ್ಲ. ತಮ್ಮ ಓರಗೆಯವರು ಮನೆ ಕಟ್ಟಿಸಿದಾಗಲೂ ಅನ್ನಿಸಲಿಲ್ಲ. ಅವರಿಗೆ ಹೊಟ್ಟೆಯುರಿ ಇದ್ದದ್ದು ಲೋಕದಲ್ಲಿ ಒಬ್ಬರ ಮೇಲೆ ಮಾತ್ರ, ಹೆಂಡತಿಯ ಅಕ್ಕನ ಮೇಲೆ. ಹೇಳಿಕೊಂಡರೆ ಜನ ನಗುತ್ತಾರೆ. ಬೇರೊಬ್ಬ ಗಂಡಸಿನ ಮೇಲಾಗಿದ್ದರೆ ಆ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು.

ಈ ಅತ್ತಿಗೆ ಇದ್ದದ್ದು ದೂರದ ದೇಶದಲ್ಲಿ, ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಗಂಡ ತೀರಿಕೊಂಡ ಮೇಲೆ ಒಬ್ಬಳೇ. ಸಂಜೆ ತಪ್ಪದೆ ಫೋನು ಬರುತ್ತದೆ. ಫೋನು ಬಂದ ಕೂಡಲೇ ಹೊಲಿಗೆ ಯಂತ್ರ ನಿಲ್ಲುತ್ತದೆ. ಸ್ವಲ್ಪ ಹೊತ್ತು ಪಿಸುಪಿಸು, ಆಮೇಲೆ ನಗು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ. ಮೇಷ್ಟ್ರು ಪೇಪರು ಓದುವ ನೆಪದಲ್ಲಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ.

"ಏನಂತೆ?" ಎನ್ನುತ್ತಾರೆ ಕೊನೆಗೆ.

"ಏನಿಲ್ಲ ರೀ, ಹೀಗೇ."

ಆ "ಹೀಗೇ" ಮೇಷ್ಟ್ರ ನಿದ್ದೆ ಕೆಡಿಸುತ್ತಿತ್ತು. ಅವರೂ ಪ್ರಯತ್ನಪಡದೆ ಬಿಟ್ಟವರಲ್ಲ. ಅಂಗಡಿಯಲ್ಲಿ ಕೇಳಿದ ತಮಾಷೆಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. ಅವಳು ನಗುತ್ತಿದ್ದಳು, ಇಲ್ಲವೆನ್ನುವಂತಿಲ್ಲ. ಅಳತೆ ಸರಿಯಿಲ್ಲವೆಂದು ದೂರು ತಂದ ಗಿರಾಕಿಯನ್ನು ಸಮಾಧಾನ ಮಾಡುವಾಗ ನಗುತ್ತಾಳಲ್ಲ, ಅದೇ ನಗು.

ಆ ವರ್ಷ ಅಕ್ಕ ಪಟ್ಟುಹಿಡಿದಳು. ಅವಳಿಗೆ ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಈ ಸಲದ ರಜೆಯಲ್ಲಿ ತಂಗಿ ಬರಲೇಬೇಕು, ಬರದಿದ್ದರೆ ಇನ್ನೊಂದು ವರ್ಷ ಕಾಯಬೇಕು, ಇಬ್ಬರಿಗೂ ವಯಸ್ಸು ಹಿಂದಕ್ಕೆ ಹೋಗುತ್ತದಾ ಎಂದು ಕೇಳಿದಳು. ಟಿಕೆಟ್ಟಿಗೂ ಅವಳೇ ಏರ್ಪಾಡು ಮಾಡಿದ್ದಳು.

"ರೀ, ಹೋಗಿ ಬರಲಾ?" ಎಂದು ಹೆಂಡತಿ ಕೇಳಿದಾಗ ಮೇಷ್ಟ್ರು ಧಾರಾಳವಾಗಿ "ಹೋಗು ಮಾರಾಯ್ತಿ, ಅದಕ್ಕೇನು ಕೇಳೋದು?" ಎಂದುಬಿಟ್ಟರು. ಬಾಯಿ ಹಾಗೆಂದಿತು. ಮನಸ್ಸು ಬೇರೆಯೇ ಲೆಕ್ಕ ಹಾಕಿತು. ಹೋದವಳು ಬರದಿದ್ದರೆ? ಅಲ್ಲಿ ಹಗಲೂ ರಾತ್ರಿ ಆ ನಗು. ಇಲ್ಲಿ ಒಬ್ಬ ತಾರೀಕು ನೋಡುವವನು. ಯಾರಾದರೂ ಯಾಕೆ ಬರಬೇಕು?

ಫೋಟೋ ತೆಗೆಸುವಾಗಲೇ ಮೊದಲ ಚುಚ್ಚು ಚುಚ್ಚಿತು. ವೀಸಾ ಫೋಟೋದಲ್ಲಿ ನಗಬಾರದು, ಹಲ್ಲು ಕಾಣಬಾರದು, ಅದು ನಿಯಮ. ಮದುವೆಯ ಫೋಟೋದಲ್ಲಿ ನಗು ನಗು ಎಂದು ಎಲ್ಲರೂ ಗೋಗರೆದರೂ ತುಟಿ ಬಿಚ್ಚದೆ ನಿಂತಿದ್ದವಳು ಈಗ ಸ್ಟೂಲಿನ ಮೇಲೆ ಕೂತು, ಎಷ್ಟು ಹೇಳಿದರೂ ನಗು ತಡೆಯಲಾರದೆ ಹೋದಳು. ಫೋಟೋದವನು ಆಮೇಲೆ ಮೇಷ್ಟ್ರಿಗೆ ಪ್ರಿಂಟು ಕೊಡಲು ಬಂದಾಗ ಹೇಳಿದ: "ಸಾಕುಬೇಕಾಗಿ ಹೋಯ್ತು ಮೇಷ್ಟ್ರೇ. ಕೊನೆಗೆ, ಅಮ್ಮಾ, ನಿಮ್ಮ ಯಜಮಾನರನ್ನ ನೆನೆಸಿಕೊಳ್ಳಿ ಅಂದೆ. ತಕ್ಷಣ ಮುಖ ಸರಿಹೋಯ್ತು ನೋಡಿ." ಅವನು ತಮಾಷೆಗೆ ಹೇಳಿದ್ದು. ಮೇಷ್ಟ್ರೂ ಹಲ್ಲು ಕಿರಿದರು. ಆದರೆ ಆ ಫೋಟೋವನ್ನು ಫೈಲಿಗೆ ಹಾಕುವ ಮೊದಲು ಬಹಳ ಹೊತ್ತು ನೋಡುತ್ತಾ ಕೂತರು.

ಅಂದೇ ಸಂಜೆ ಅವಳ ಫಾರಂ ಮನೆಗೆ ತಂದರು. ಆ ದೇಶದ ಫಾರಂನ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ಭೇಟಿ ಮುಗಿದ ಮೇಲೆ ನೀವು ಮರಳಿ ಹೋಗುವಿರಿ ಎಂಬುದಕ್ಕೆ ಆಧಾರವೇನು? ಎಷ್ಟೋ ಜನರಿಗೆ ಮೇಷ್ಟ್ರು ಆ ಸಾಲಿಗೆ ಉತ್ತರ ಹೇಳಿಕೊಟ್ಟಿದ್ದಾರೆ. ಮನೆ ಇದೆ ಎಂದು ಬರೆಯಿರಿ, ನೌಕರಿ ಇದೆ ಎಂದು ಬರೆಯಿರಿ, ಏನಾದರೂ ಬರೆಯಿರಿ, ಖಾಲಿ ಮಾತ್ರ ಬಿಡಬೇಡಿ. ಖಾಲಿ ಬಿಟ್ಟ ಅರ್ಜಿ ವೀಸಾ ಸಿಗದೆ ವಾಪಸ್ಸು. ಹೆಂಡತಿಗೆ ಮಾತ್ರ ಏನೂ ಹೇಳಿಕೊಡಲಿಲ್ಲ. ಅವಳು ಯಂತ್ರದ ಹಲಗೆಯ ಮೇಲೆ ಹಾಳೆ ಹರಡಿಕೊಂಡು ಒಂದೇ ಉಸಿರಿನಲ್ಲಿ ಬರೆದಳು. ಅವಳು ಒಳಗೆ ಹೋದ ಮೇಲೆ ಮೇಷ್ಟ್ರು ಕಳ್ಳನ ಹಾಗೆ ಎತ್ತಿ ಓದಿದರು.

"ನನ್ನ ಮನೆ ಇಲ್ಲಿದೆ. ನನ್ನ ಗಂಡ ಇಲ್ಲಿದ್ದಾರೆ. ನಾನು ಬಡಿಸದಿದ್ದರೆ ಅವರು ಸರಿಯಾಗಿ ಊಟ ಮಾಡುವುದಿಲ್ಲ."

ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಮೂರನೆಯ ವಾಕ್ಯವನ್ನು ಮತ್ತೆ ಮತ್ತೆ ಓದಿಕೊಂಡರು. ಅಷ್ಟಕ್ಕೇ ಮುಗಿಯಬೇಕಿತ್ತು. ಬೆಳಿಗ್ಗೆ ಅರ್ಜಿ ವೀಸಾ ಕಚೇರಿಯ ಕಿಟಕಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಫೋನು ಬಂತು. ಹೆಂಡತಿ "ತುಂಬಿದೆ ಕಣೇ ಅಕ್ಕಾ" ಎಂದಳು, ಅತ್ತಲಿಂದ ಅದೇನು ಕೇಳಿತೋ, ಇವಳು ಗೋಡೆಗೆ ಒರಗಿ ನಕ್ಕ ನಗುವಿಗೆ ಮೊಳೆಯ ಮೇಲಿನ ಕಾಗದದ ತೋಳು ಕೂಡ ಅಲುಗಾಡಿತು. ಮೇಷ್ಟ್ರ ಹಿಗ್ಗು ಅಲ್ಲೇ ಇಳಿದುಹೋಯಿತು. ತನ್ನ ಊಟದ ವಿಷಯ ಹೇಳಿಕೊಂಡೇ ಇಬ್ಬರೂ ನಗುತ್ತಿದ್ದಾರೆ ಎಂದು ಅವರಿಗೆ ಖಂಡಿತವಾಗಿ ಅನ್ನಿಸಿತು.

ಮರುದಿನ ಅರ್ಜಿ ಕಟ್ಟದೆ ಇಟ್ಟುಕೊಂಡರು. ಸಂಜೆ ಚಪ್ಪಲಿ ಬಿಡುತ್ತಾ ಅವರು ಹೇಳಿದರು: "ಫಾರಂ ಬದಲಾಯ್ತು ಕಣೇ. ಹೊಸದು ಬಂದಿದೆ. ಮತ್ತೆ ತುಂಬಬೇಕು."

ಹೇಳಬೇಕೆಂದು ಮನೆಗೆ ಬಂದವರಲ್ಲ. ನಾಲಿಗೆ ತಾನಾಗಿಯೇ ಹೇಳಿತು. ಇಷ್ಟು ವರ್ಷ ಒಂದು ಫಾರಂನ ವಿಷಯದಲ್ಲೂ ಸುಳ್ಳು ಹೇಳದ ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದು ಕಂಡು ಅವರಿಗೇ ಆಶ್ಚರ್ಯ. ಅವಳು ಒಂದು ಮಾತೂ ಕೇಳಲಿಲ್ಲ. ತಾರೀಕು ಮೇಷ್ಟ್ರು ಬದಲಾಯಿತು ಎಂದರೆ ಬೀದಿಗೆ ಬೀದಿಯೇ ನಂಬುತ್ತದೆ, ಹೆಂಡತಿ ನಂಬುವುದಿಲ್ಲವೇ? "ಅಯ್ಯೋ, ಇವರದೊಂದು" ಎಂದು ಗೊಣಗಿ ಹಾಳೆ ಇಸಕೊಂಡಳು. ಅದು ಅವರ ಚೀಲದಲ್ಲಿ ಸದಾ ಇರುವ, ನಿನ್ನೆಯದೇ ಫಾರಂ, ಒಂದು ಚುಕ್ಕೆಯೂ ಬೇರೆ ಇರಲಿಲ್ಲ.

ಈ ಸಲ ಆ ಸಾಲಿನಲ್ಲಿ ಬರೆದಳು: "ಮನೆ, ಗಂಡ ಇಲ್ಲಿದ್ದಾರೆ. ಹೊಲಿಗೆ ಕೆಲಸ ಇದೆ."

ಊಟದ ಮಾತು ಹೋಗಿತ್ತು. ಮೇಷ್ಟ್ರು ಹಾಳೆ ತಿರುಗಿಸಿ ಹಿಂದೆ ನೋಡಿದರು, ಅಲ್ಲೇನಾದರೂ ಬರೆದಿದ್ದಾಳೋ ಎಂದು. ಇರಲಿಲ್ಲ. ಎರಡನೆಯ ಸಲ ಬರೆಯುವಾಗ ಯಾರಿಗಾದರೂ ಕೈ ಸೋಲುತ್ತದೆ, ವಾಕ್ಯ ಗಿಡ್ಡವಾಗುತ್ತದೆ, ಇದು ಅವರು ದಿನಾ ಅಂಗಡಿಯಲ್ಲಿ ನೋಡುವ ಸಂಗತಿ. ಹೊಟ್ಟೆಕಿಚ್ಚಿನವನಿಗೆ ಅಂಥ ಸರಳ ಕಾರಣಗಳು ಹೊಳೆಯುವುದಿಲ್ಲ. ಒಂದೇ ದಿನದಲ್ಲಿ ತನ್ನ ಊಟ ಇವಳಿಗೆ ಬೇಡವಾಯಿತು ಎಂದುಕೊಂಡರು. ಇದೆಲ್ಲ ಅತ್ತಿಗೆಯ ಉಪದೇಶ ಎಂದುಕೊಂಡರು. ಆ ಮೂರನೆಯ ವಾಕ್ಯ ಅವರಿಗೆ ವಾಪಸ್ಸು ಬೇಕಾಗಿತ್ತು. ಬೇಕೆಂದರೆ ಇನ್ನೊಂದು ಸಲ ಬರೆಸಬೇಕು. ಇನ್ನೊಂದು ಸಲ ಬರೆಸಬೇಕೆಂದರೆ ಫಾರಂ ಇನ್ನೊಂದು ಸಲ ಬದಲಾಗಬೇಕು.

ಆ ವಾರವೇ ಅಂಗಡಿಗೆ ಒಬ್ಬ ನಿವೃತ್ತ ಬಸ್ ಡ್ರೈವರು ಬಂದರು. ಮಗಳ ಹೆರಿಗೆಗೆ ಹೆಂಡತಿಯನ್ನು ಕಳಿಸಬೇಕಿತ್ತು. ಯಾವುದೋ ವೆಬ್‌ಸೈಟಿನಲ್ಲಿ ದುಡ್ಡು ಕಟ್ಟಿ ಇಳಿಸಿಕೊಂಡ ಫಾರಂ ತಂದಿದ್ದರು. ಮೇಲೆ ದೊಡ್ಡ ಲಾಂಛನ, ನೀಲಿ ಪಟ್ಟಿ, ಸರ್ಕಾರದ್ದೇ ಎನ್ನುವಷ್ಟು ಗತ್ತು. ಮೇಷ್ಟ್ರು ಕೆಳಗೆ ನೋಡಿದರು.

"ತಾರೀಕೇ ಇಲ್ಲವಲ್ಲ ಯಜಮಾನ್ರೇ. ಇದು ಸರ್ಕಾರದ್ದಲ್ಲ. ಯಾರೋ ಹಳೇದನ್ನ ನಕಲು ಮಾಡಿ ಮಾರಿಕೊಂಡಿದ್ದಾರೆ. ಅಸಲಿ ಫಾರಂಗೆ ದುಡ್ಡು ಕೊಡಬೇಕಾಗಿಲ್ಲ. ಇದನ್ನ ಕಟ್ಟಿದ್ದರೆ ಅರ್ಜಿ ವಾಪಸ್ಸು ಬರೋದು, ಅಷ್ಟರಲ್ಲಿ ನಿಮ್ಮ ಮೊಮ್ಮಗು ಅಂಬೆಗಾಲಿಡ್ತಿತ್ತು."

ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, ಅಧಿಕೃತ ವಿಳಾಸ ಯಾವುದು, ಅದರ ಹಾಗೇ ಕಾಣುವ ನಕಲಿ ಯಾವುದು ಎಂದು ತೋರಿಸಿ, ಹೊಸ ಫಾರಂ ಇಳಿಸಿ ತುಂಬಿಸಿಕೊಟ್ಟರು. ಡ್ರೈವರು ಅವರ ಕೈ ಹಿಡಿದುಕೊಂಡು, "ನಿಮ್ಮಂಥ ಒಬ್ಬರಾದರೂ ಈ ಬೀದೀಲಿ ಇದ್ದೀರಲ್ಲ" ಎಂದರು. ಮೇಷ್ಟ್ರು ಕೈ ಬಿಡಿಸಿಕೊಂಡು ಜೆರಾಕ್ಸ್ ಯಂತ್ರದ ಮುಚ್ಚಳ ಒರೆಸತೊಡಗಿದರು. ಅದು ಸ್ವಚ್ಛವಾಗಿಯೇ ಇತ್ತು.

ಸಂಜೆ ಮನೆಯಲ್ಲಿ ಫಾರಂ ಮತ್ತೆ ಬದಲಾಯಿತು.

"ಇದೇನ್ರೀ, ಅವರಿಗೆ ಬೇರೆ ಕೆಲಸ ಇಲ್ವಾ?" ಎಂದಳು ಹೆಂಡತಿ.

"ಸರ್ಕಾರ ಅಂದ ಮೇಲೆ ಹೀಗೇ. ನಾವೇನು ಮಾಡಕ್ಕಾಗುತ್ತೆ?"

"ಅಕ್ಕನ ರಜೆ ಹತ್ತಿರ ಬಂತು. ಅಷ್ಟರೊಳಗೆ ಆಗುತ್ತಾ?"

"ಆಗದಿದ್ದರೆ ಮುಂದಿನ ವರ್ಷ ಇದ್ದೇ ಇದೆಯಲ್ಲ" ಎಂದರು ಮೇಷ್ಟ್ರು. ಅವಳು ಅವರನ್ನೊಮ್ಮೆ ನೋಡಿ ಪೆನ್ನು ಎತ್ತಿಕೊಂಡಳು. ಆ ಸಾಲಿನಲ್ಲಿ ಈ ಸಲ ಬರೆದದ್ದು: "ಒಪ್ಪಿಕೊಂಡ ಬಟ್ಟೆಗಳು ಹೊಲಿಯಲು ಬಾಕಿ ಇವೆ."

ಮನೆ ಹೋಗಿತ್ತು. ಗಂಡನೂ ಹೋಗಿದ್ದ. ಉಳಿದದ್ದು ಯಾರದೋ ಅಂಗಿ, ಯಾರದೋ ಲಂಗ. ಅಂದು ಮೇಷ್ಟ್ರಿಗೆ ಊಟ ಸೇರಲಿಲ್ಲ. ಅವಳು ಬಡಿಸಿಯೇ ಇದ್ದಳು.

ಇನ್ನು ಮುಂದಿನದು ನಡೆದದ್ದು ಕಾಗದದಿಂದ. ರಜೆಯ ದಿನ, ಬೆಳಗಿನ ಬಿಸಿಲು ನಡುಮನೆಗೆ ಬಿದ್ದಿತ್ತು. ಹೆಂಡತಿ ಒಬ್ಬ ದಪ್ಪ ಗಿರಾಕಿಯ ಕೋಟಿಗೆ ತೋಳು ಕತ್ತರಿಸಬೇಕಾಗಿತ್ತು. ಹಲಗೆಯ ಕೆಳಗೆ ಕೈ ಹಾಕಿ ತಡಕಾಡಿದಳು.

"ರೀ, ಕಾಗದ ಮುಗಿದು ಎಷ್ಟು ದಿನ ಆಯ್ತು. ಫಾರಂ ಮೇಲೆ ಫಾರಂ ಬದಲಾಗ್ತಿದೆ ಅಂತೀರಿ, ಹಳೇ ಕಟ್ಟು ಒಂದೂ ಮನೆಗೆ ಬರಲಿಲ್ಲವಲ್ಲ?"

ಅವಳು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದಲ್ಲ. ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆ, "ಅಂಗಡಿಯಲ್ಲಿದೆ, ತರೋದು ಮರೆತೆ, ನಾಳೆ ತರ್ತೀನಿ" ಎಂದರು.

ಮರುದಿನ ಅಂಗಡಿಗೆ ಹೋದರೆ ಅಲ್ಲಿ ಹಳೆಯ ಕಟ್ಟು ಎಲ್ಲಿತ್ತು? ಫಾರಂ ಬದಲಾಗಿದ್ದರೆ ತಾನೇ? ಕಪಾಟಿನಲ್ಲಿದ್ದದ್ದು ಆ ದೇಶದ ಹೊಚ್ಚಹೊಸ ಕಟ್ಟು, ಇನ್ನೂ ನಡೆಯುತ್ತಿರುವ, ಅಸಲಿ, ಅಧಿಕೃತ ಫಾರಂಗಳು. ಮೇಷ್ಟ್ರು ಬಾಗಿಲು ಅರ್ಧ ಎಳೆದುಕೊಂಡು ಕತ್ತರಿ ತೆಗೆದರು. ಜೀವ ಇರುವ ಫಾರಂಗಳ ಮೂಲೆಯನ್ನು ಅವರು ಈವರೆಗೆ ಕತ್ತರಿಸಿದವರಲ್ಲ. ಮೂಲೆಗಳು ವಕ್ರವಕ್ರವಾಗಿ ಬಂದವು. ಆದರೂ ಕಟ್ಟನ್ನು ಪೂರ್ತಿ ಕತ್ತರಿಸಿ ಚೀಲಕ್ಕೆ ಹಾಕಿಕೊಂಡರು. ಸಂಜೆ ಮನೆಗೆ ಬಂದು ಹಲಗೆಯ ಮೇಲಿಟ್ಟು, ಒಂದು ದೊಡ್ಡ ಕಂಟಕ ಕಳೆದ ಹಾಗೆ ಮುಖ ತೊಳೆಯಲು ಹೋದರು.

ಲೋಕಕ್ಕೆಲ್ಲ ಕೆಳಗಿನ ತಾರೀಕು ನೋಡಿ ಎಂದು ಹೇಳುವ ಮನುಷ್ಯ, ತನ್ನ ಹೆಂಡತಿಗೂ ಕಣ್ಣಿದೆ ಎನ್ನುವುದನ್ನು ಮರೆತಿದ್ದರು.

ಅವಳು ಹಾಳೆಗಳನ್ನು ಅಂಟಿಸಲು ಅಂಚಿಗೆ ಅಂಚು ಜೋಡಿಸುತ್ತಿದ್ದಳು. ಅಂಟಿಸುವುದು ಕೆಳಗಿನ ಅಂಚಿಗೇ. ಅಲ್ಲಿ ತಾರೀಕು. ಪಕ್ಕದಲ್ಲೇ ಅವಳು ಮೂರನೆಯ ಸಲ ತುಂಬಿಟ್ಟಿದ್ದ "ಹೊಸ" ಫಾರಂ ಇತ್ತು. ಅದರ ಕೆಳಗೂ ಅದೇ ತಾರೀಕು. ಮೇಷ್ಟ್ರು ಮುಖ ಒರೆಸಿಕೊಳ್ಳುತ್ತಾ ಬಂದಾಗ ಅವಳು ಅಂಟಿನ ಬಟ್ಟಲಿಗೆ ಮುಚ್ಚಳ ಹಾಕುತ್ತಿದ್ದಳು. ಅವರ ಮುಖ ನೋಡಲಿಲ್ಲ. ಫೋನು ಬಂದಾಗ ತೆಗೆದುಕೊಂಡಳು, "ಹೂಂ ಅಕ್ಕಾ, ಆಗುತ್ತೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ನಗಲಿಲ್ಲ. ಅದೊಂದೇ ಸಂಜೆ ಆ ಮನೆಯಲ್ಲಿ ಆ ನಗು ಕೇಳಲಿಲ್ಲ. ಮೇಷ್ಟ್ರಿಗೆ ಸಂತೋಷವಾಗಬೇಕಿತ್ತು. ಭಯವಾಯಿತು.

ಮರುದಿನ ಮಧ್ಯಾಹ್ನ ಅಂಗಡಿಯ ಬೆಂಚಿನ ತುಂಬ ಜನ. ಮೇಷ್ಟ್ರು ತಲೆ ತಗ್ಗಿಸಿಕೊಂಡೇ "ಮುಂದಿನವರು" ಎಂದರು. ಎದುರಿನ ಸ್ಟೂಲಿನ ಮೇಲೆ ಹೆಂಡತಿ ಬಂದು ಕೂತಳು. ಅವಳು ಅಂಗಡಿಗೆ ಬರುವವಳೇ ಅಲ್ಲ. ಕೈಚೀಲದಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಒಂದು ಅವಳು ತುಂಬಿದ್ದು, ಇನ್ನೊಂದು ಮೂಲೆ ವಕ್ರವಾಗಿ ಕತ್ತರಿಸಿದ್ದು.

"ಮೇಷ್ಟ್ರೇ" ಎಂದಳು. ರೀ ಎನ್ನಲಿಲ್ಲ. "ಇವೆರಡರಲ್ಲಿ ಈಗ ನಡೆಯೋದು ಯಾವುದು? ಸ್ವಲ್ಪ ನೋಡಿ ಹೇಳಿ."

ಬೆಂಚಿನವರಿಗೆ ಇವಳು ಯಾರೆಂದು ಗೊತ್ತಿರಲಿಲ್ಲ. ಎಲ್ಲರಂತೆ ಒಬ್ಬ ಗಿರಾಕಿ ಎಂದುಕೊಂಡು ಅವರವರ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಮೇಷ್ಟ್ರ ಕಿವಿ ಕೆಂಪಾಯಿತು.

"ಎರಡೂ ಒಂದೇ" ಎಂದರು, ತಮಗೇ ಕೇಳಿಸದ ಹಾಗೆ.

"ಒಂದೇ ಆದ್ರೆ ಇದರ ಮೂಲೆ ಯಾಕೆ ಹೋಯ್ತು?"

ಮೇಷ್ಟ್ರು ಮೇಜಿನ ಮೇಲಿದ್ದ ಕತ್ತರಿಯನ್ನು ಕಾಗದದ ಕೆಳಗೆ ಸರಿಸಿದರು. ಅವಳು ಉತ್ತರಕ್ಕೆ ಕಾಯಲಿಲ್ಲ. "ಇರಲಿ. ನನಗೊಂದು ಹೊಸ ಹಾಳೆ ಕೊಡಿ. ಸರ್ಕಾರದ ಸೈಟಿಂದ ನನ್ನೆದುರೇ ತೆಗೀರಿ." ಮೇಷ್ಟ್ರು ತೆಗೆದರು. ವಿಳಾಸವನ್ನು ಅವಳು ಒಂದೊಂದೇ ಅಕ್ಷರ ಓದಿದಳು, ಪ್ರಿಂಟು ಬಂದ ಮೇಲೆ ಕೆಳಗಿನ ತಾರೀಕು ನೋಡಿದಳು. ಆಮೇಲೆ ಅಲ್ಲೇ ಕೂತು ಪುಟದ ಮೇಲೆ ಪುಟ ತುಂಬಿ ಅವರ ಮುಂದೆ ಸರಿಸಿದಳು. ಕೊನೆಯ ಪುಟದ ಆ ಒಂದು ಸಾಲು ಖಾಲಿ ಇತ್ತು.

"ಇದು ನನಗೆ ತೋಚ್ತಾ ಇಲ್ಲ. ಊರಿಗೆಲ್ಲ ಹೇಳಿಕೊಡ್ತೀರಲ್ಲ, ನೀವೇ ಬರೆದುಕೊಡಿ. ಸಂಜೆ ಬರುವಾಗ ತನ್ನಿ." ಎದ್ದು ಸೆರಗು ಸರಿಮಾಡಿಕೊಂಡು ಹೊರಟಳು. ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

ಅಂದು ಉಳಿದವರ ಅರ್ಜಿಗಳನ್ನು ಹೇಗೆ ತುಂಬಿದರೋ ಅವರಿಗೇ ನೆನಪಿಲ್ಲ. ಜನ ಕರಗಿದ ಮೇಲೆ ಆ ಹಾಳೆಯನ್ನು ಮುಂದಿಟ್ಟುಕೊಂಡು ಕೂತರು. ಮೊದಲು ಬಂದ ಯೋಚನೆ ಒಳ್ಳೆಯದಲ್ಲ, ಮುಚ್ಚಿಡುವುದೇಕೆ? ಖಾಲಿಯೇ ಬಿಟ್ಟರೆ? ಅರ್ಜಿ ವೀಸಾ ಸಿಗದೆ ವಾಪಸ್ಸು ಬರುತ್ತದೆ, ಅತ್ತಿಗೆಯ ರಜೆ ಕಳೆಯುತ್ತದೆ, ಹೆಂಡತಿ ಮನೆಯಲ್ಲೇ ಉಳಿಯುತ್ತಾಳೆ. ಉಳಿದು ಏನು ಮಾಡುತ್ತಾಳೆ? ನಿನ್ನೆ ಸಂಜೆಯ ಹಾಗೆ ಫೋನನ್ನು ಇಟ್ಟುಬಿಟ್ಟು ಕೂರುತ್ತಾಳೆ. ಆ ಮೌನದ ಜೊತೆ ಬಾಳುವುದು ಮೇಷ್ಟ್ರಿಂದ ಆಗದ ಮಾತು.

ಪೆನ್ನಿನ ಮುಚ್ಚಳ ತೆಗೆದರು. "ಮನೆ ಇದೆ" ಎಂದು ಬರೆಯಬಹುದಿತ್ತು. ಬಾಡಿಗೆ ಮನೆ, ಅದನ್ನು ನೋಡಲು ಯಾರು ಸಮುದ್ರ ದಾಟಿ ಬರುತ್ತಾರೆ? "ಗಂಡ ಇದ್ದಾನೆ" ಎಂದು ಬರೆಯಬಹುದಿತ್ತು. ಎಂಥ ಗಂಡ? ಅವಳು ತಾನಾಗಿ ಬರೆದುಕೊಟ್ಟಿದ್ದ ಮಾತನ್ನು ಮತ್ತೆ ಮತ್ತೆ ಬರೆಸಿ ಬರೆಸಿ ಸವೆಸಿಬಿಟ್ಟ ಗಂಡ. ಊರವರಿಗೆಲ್ಲ ಆಧಾರ ಹುಡುಕಿಕೊಟ್ಟವರಿಗೆ ತಮ್ಮದೊಂದು ಆಧಾರ ಸಿಗಲಿಲ್ಲ. ಕೊನೆಗೆ ಸುಳ್ಳಲ್ಲದ್ದು ಒಂದೇ ಒಂದು ಹೊಳೆಯಿತು. ಅದನ್ನೇ ಬರೆದರು.

ಮನೆಗೆ ಹೋದಾಗ ಅವಳು ಕೋಟಿನ ತೋಳು ಹೊಲಿಯುತ್ತಿದ್ದಳು. ಹಾಳೆ ತೆಗೆದುಕೊಂಡು ಕೊನೆಯ ಪುಟ ತಿರುಗಿಸಿದಳು. ಓದಿದಳು:

"ಅರ್ಜಿದಾರರು ತಮ್ಮ ಗಂಡನಿಗೆ ಇನ್ನೂ ಬೈದಿಲ್ಲ. ಅದು ಬಾಕಿ ಇದೆ."

ಅವಳು ಹಾಳೆಯನ್ನು ಮಡಿಲಿಗೆ ಇಳಿಸಿದಳು. ಮೊದಲು ಮೂಗಿನಲ್ಲಿ ಏನೋ ಸದ್ದಾಯಿತು. ಅಳುತ್ತಾಳೆ ಎಂದುಕೊಂಡು ಮೇಷ್ಟ್ರು ಒಂದು ಹೆಜ್ಜೆ ಮುಂದೆ ಇಟ್ಟರು. ಆಮೇಲೆ ಗಂಟಲಲ್ಲಿ. ಆಮೇಲೆ ಹೊಟ್ಟೆ ಹಿಡಿದುಕೊಂಡು ಯಂತ್ರದ ಹಲಗೆಗೆ ಹಣೆ ಆನಿಸಿ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಅದೇ ನಗು. ಇಷ್ಟು ವರ್ಷ ಪೇಪರಿನ ಮರೆಯಲ್ಲಿ ಕೂತು ಕೇಳಿಸಿಕೊಂಡ ನಗು, ಈಗ ಅವರ ಎದುರಿಗೆ, ಅವರಿಂದಲೇ. ಮೇಷ್ಟ್ರು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತರು.

ಅದನ್ನು ಪೂರ್ತಿ ತಮ್ಮದಾಗಿ ಮಾಡಿಕೊಳ್ಳುವ ಮೊದಲೇ ಅವಳು ಫೋನು ಎತ್ತಿಕೊಂಡಿದ್ದಳು. "ಅಕ್ಕಾ, ಇವರು ಏನು ಬರೆದಿದ್ದಾರೆ ಕೇಳು..."

ಮೇಷ್ಟ್ರ ಹೊಟ್ಟೆಯಲ್ಲಿ ಮತ್ತೆ ಚುರುಕ್ಕೆಂದಿತು. ಹುಟ್ಟುಗುಣ, ಒಂದು ನಗುವಿಗೆ ಹೋಗುತ್ತದಾ?

ಫೋನಿಟ್ಟ ಮೇಲೆ ಅವಳು ಕಣ್ಣೊರೆಸಿಕೊಂಡು ಹೇಳಿದಳು: "ಇದು ಆಫೀಸಿಗೆ ಕಳಿಸೋ ಹಾಗಿಲ್ಲ. ಇದು ನನ್ನ ಹತ್ರ ಇರಲಿ. ನಾಳೆ ಇನ್ನೊಂದು ಹಾಳೆ ತನ್ನಿ, ನಾನೇ ಬರೀತೀನಿ." ಸ್ವಲ್ಪ ತಡೆದು, "ಬೈಯೋದು ಮರೆತಿಲ್ಲ ರೀ, ಅದಕ್ಕೆ ಒಂದು ಹೊತ್ತು ಸಾಲಲ್ಲ" ಎಂದಳು. ರೀ ಎಂದಳಲ್ಲ, ಅಷ್ಟಕ್ಕೇ ಮೇಷ್ಟ್ರು ಬದುಕಿದರು.

ಮರುದಿನ ತಂದ ಹಾಳೆಯನ್ನು ಅವಳು ಬೆಳಕಿಗೆ ಹಿಡಿದು ತಾರೀಕು ನೋಡಿಯೇ ತುಂಬಿದಳು. ಕೊನೆಯ ಪುಟ ಬರೆಯುವಾಗ ಎಡಗೈಯಿಂದ ಮರೆಮಾಡಿಕೊಂಡಳು, ಪರೀಕ್ಷೆಯಲ್ಲಿ ಪಕ್ಕದವರಿಗೆ ತೋರಿಸದ ಮಕ್ಕಳ ಹಾಗೆ. ಬರೆದು ಮುಗಿಸಿ, "ತಗೊಳ್ಳಿ, ಪರೀಕ್ಷೆ ಮಾಡಿ ಕಟ್ಟಿ" ಎಂದು ಕೊಟ್ಟು ಒಳಗೆ ಹೋದಳು.

ಅಂಗಡಿಯಲ್ಲಿ ಮೇಷ್ಟ್ರು ಅದನ್ನು ತೆರೆದರು. ಫಾರಂ ಈಗಿನದು ಹೌದಾ, ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದೆಯಾ, ಫೋಟೋ ಸರಿಯಾದ ಚೌಕದಲ್ಲಿದೆಯಾ, ಸಹಿ ಗೆರೆಯೊಳಗಿದೆಯಾ, ಒಂದೊಂದನ್ನೇ ನೋಡಿದರು. ಕೊನೆಯ ಪುಟಕ್ಕೆ ಬಂದಾಗ ಕೈ ನಿಂತಿತು. ಅವಳು ಅಲ್ಲಿ ಏನು ಬರೆದಿದ್ದಾಳೆ ಎನ್ನುವುದು ಅತ್ತಿಗೆಗೆ ಇಷ್ಟು ಹೊತ್ತಿಗೆ ಗೊತ್ತೇ ಇರುತ್ತದೆ. ತನಗೊಬ್ಬನಿಗೆ ಗೊತ್ತಿಲ್ಲ. ಪುಟ ತಿರುಗಿಸಿದರೆ ಸಾಕು. ಓದುವುದು ತಮ್ಮ ಕಸುಬೇ, ಯಾರೂ ತಪ್ಪೆನ್ನುವಂತಿಲ್ಲ.

ಪುಟ ತಿರುಗಿಸಿದರು. ತಿರುಗಿಸುತ್ತಲೇ ಬಲಗೈ ಅಂಗೈಯನ್ನು ಆ ಸಾಲಿನ ಮೇಲೆ ಅಗಲವಾಗಿ ಇಟ್ಟುಕೊಂಡರು. ಕೆಳಗಿನ ಸಹಿ ನೋಡಿದರು, ತಾರೀಕು ನೋಡಿದರು. ಕೈ ತೆಗೆಯದೆಯೇ ಪುಟ ಮಡಚಿ ಲಕೋಟೆಗೆ ಹಾಕಿ ಅಂಟಿಸಿದರು. ಸಾಲು ಖಾಲಿ ಇದೆಯೋ ತುಂಬಿದೆಯೋ ನೋಡದೆ ಅವರ ಅಂಗಡಿಯಿಂದ ಹೊರಗೆ ಹೋದ ಅರ್ಜಿ ಅದೊಂದೇ.

ಅಲ್ಲಿಂದ ಮುಂದೆ ಕಾಯುವ ಕೆಲಸ. ಸಂಜೆಗಳಲ್ಲಿ ಫೋನು ಬಂತು, ನಗು ಬಂತು, ಹೊಟ್ಟೆ ಉರಿಯಿತು. ನಡುವೆ ಒಂದೆರಡು ಸಲ ಅವಳು ಬೈದಳು ಕೂಡ, ಅದೂ ಚೆನ್ನಾಗಿಯೇ. "ಇನ್ನೂ ಮುಗಿದಿಲ್ಲ" ಎಂದೂ ಹೇಳಿದಳು. ಆದರೆ ಮೇಷ್ಟ್ರ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಖಾಲಿ ಬಿಟ್ಟಿದ್ದರೆ? ತೋಚುತ್ತಿಲ್ಲ ಎಂದು ತನ್ನ ಬಾಯಾರೆ ಹೇಳಿದವಳು ನಿಜವಾಗಿಯೂ ಏನೂ ತೋಚದೆ ಹಾಗೇ ಕೊಟ್ಟಿದ್ದರೆ?

ಅತ್ತಿಗೆಯ ರಜೆಗೆ ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಪಾಸ್‌ಪೋರ್ಟು ಬಂತು. ಲಕೋಟೆ ಒಡೆದದ್ದು ಮೇಷ್ಟ್ರೇ. ಒಳಗಿನ ಪುಟದಲ್ಲಿ ವೀಸಾ ಇತ್ತು, ನಗದ ಮುಖದ ಫೋಟೋ, ಹೋಗುವ ತಾರೀಕು, ಮರಳಬೇಕಾದ ತಾರೀಕು. ಅವರು ಎರಡನೆಯದನ್ನು ಎರಡು ಸಲ ಓದಿದರು. ಆಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು, ನಡುಹಗಲಿನಲ್ಲಿ, ಅದನ್ನು ಅವಳಿಗೆ ಕೊಡಲು ಮನೆಯ ಕಡೆ ನಡೆದರು.

ಅವಳು ಆ ಸಾಲಿನಲ್ಲಿ ಏನು ಬರೆದಿದ್ದಳೋ ಅವರಿಗೆ ಕೊನೆಗೂ ತಿಳಿಯಲಿಲ್ಲ. ಖಾಲಿ ಬಿಟ್ಟಿರಲಿಲ್ಲ ಎನ್ನುವುದು ಮಾತ್ರ ಗೊತ್ತಾಯಿತು.